ಕಬ್ಬಿಣದ ಭಿಕ್ಷೆ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ಕಬ್ಬು ಕಡಿಯುವ ಕಾಲದಲ್ಲಿ, ಸಂಜೆಯ ಹೊತ್ತು ಸಂಚರಿಸುವವರಿಗೆ ಎರಡು ಸಂಗತಿಗಳು ತಪ್ಪದೆ ಎದುರಾಗುತ್ತವೆ. ಒಂದು, ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಪರಿಮಳ. ಇನ್ನೊಂದು, ಗಾಣದ ಯಂತ್ರ ಹೊರಡಿಸುವ ಗಡಗಡ ಶಬ್ದ. ಪರಿಮಳವನ್ನು ಮೆಚ್ಚದವರಿಲ್ಲ; ಶಬ್ದವನ್ನು ಮೆಚ್ಚುವವರಿಲ್ಲ. ಆದರೆ ಆಲೆಮನೆಯಲ್ಲಿಯೇ ಹುಟ್ಟಿ ಬೆಳೆದವರಿಗೆ ಆ ಶಬ್ದವೂ ಒಂದು ಬಗೆಯ ತಾಳವೇ. ರಾತ್ರಿ ಅದು ಇದ್ದಕ್ಕಿದ್ದಂತೆ ನಿಂತರೆ ಮಲಗಿದ್ದವರಿಗೆ ಎಚ್ಚರವಾಗುವುದುಂಟು.

ಅಂತಹ ಒಂದು ಆಲೆಮನೆಯ ಯಜಮಾನನಿಗೂ ಆತನ ಮಗನಿಗೂ ಹಲವು ವರ್ಷಗಳಿಂದ ಒಂದು ವ್ಯಾಜ್ಯವಿತ್ತು. ಹೊಲಗದ್ದೆಯ ವ್ಯಾಜ್ಯವಲ್ಲ, ಮದುವೆಯ ಮಾತಿನದೂ ಅಲ್ಲ. ಅದು ಸಂಗೀತದ ವ್ಯಾಜ್ಯ.

ತಂದೆ ಅರವತ್ತು ದಾಟಿದ ರೈತ. ಸುತ್ತಿನ ಹಳ್ಳಿಗಳಲ್ಲಿ ಆತನನ್ನು ಹೆಸರು ಹಿಡಿದು ಕರೆಯುವವರಿಗಿಂತ ‘ದುರ್ಯೋಧನ’ ಎಂದು ಕರೆಯುವವರೇ ಹೆಚ್ಚು. ಮಂಡ್ಯದ ಸೀಮೆಯಲ್ಲಿ ‘ಕುರುಕ್ಷೇತ್ರ’ ನಾಟಕವೆಂದರೆ ಏನೆಂಬುದನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಹಗಲು ಗುದ್ದಲಿ ಹಿಡಿದವನು ರಾತ್ರಿ ಗದೆ ಹಿಡಿಯುತ್ತಾನೆ. ಹಾಲಿನ ಸಂಘದ ಕಾರ್ಯದರ್ಶಿ ಶ್ರೀಕೃಷ್ಣನಾಗುತ್ತಾನೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಮಾಡಿಸಿದ ಹಾಡುಗಳು ಬೆಳಗಿನ ಜಾವದವರೆಗೆ ಮೊಳಗುತ್ತವೆ. ಹಾಡು ಹಿಡಿಸಿದರೆ ಜನ ‘ಒನ್ಸ್‌ಮೋರ್’ ಎನ್ನುತ್ತಾರೆ. ಸತ್ತು ಬಿದ್ದ ಪಾತ್ರಧಾರಿಯೂ ಎದ್ದು ಮತ್ತೊಮ್ಮೆ ಹಾಡಿ ಪುನಃ ಸಾಯುತ್ತಾನೆ. ಇಂತಹ ರಂಗಭೂಮಿಯಲ್ಲಿ ಪಳಗಿದ ಕಿವಿ ಆ ತಂದೆಯದು.

ಮಗ ಬೆಂಗಳೂರಿನಲ್ಲಿ ಉದ್ಯೋಗಸ್ಥ. ಬೆಳಗ್ಗೆ ಮದ್ದೂರಿನಲ್ಲಿ ರೈಲು ಹತ್ತಿ, ರಾತ್ರಿ ಅದೇ ನಿಲ್ದಾಣದಲ್ಲಿ ಇಳಿಯುವ ಅಸಂಖ್ಯಾತರಲ್ಲಿ ಒಬ್ಬ. ಚನ್ನಪಟ್ಟಣ, ರಾಮನಗರ, ಬಿಡದಿ, ಕೆಂಗೇರಿಗಳು ಕಿಟಕಿಯ ಹೊರಗೆ ಸರಿಯುವಾಗ ಆತನ ಕಿವಿಯಲ್ಲಿ ಸದಾ ಒಂದೇ ಸಂಗೀತ. ಆ ಸಂಗೀತಕ್ಕೆ ಇಂಗ್ಲಿಷಿನಲ್ಲಿ ‘ಹೆವಿ ಮೆಟಲ್’ ಎಂದು ಹೆಸರು. ‘ಭಾರವಾದ ಲೋಹ’ ಎಂದು ಅರ್ಥ.

ವ್ಯಾಜ್ಯದ ಬೀಜ ಬಿದ್ದದ್ದು 2011ರಲ್ಲಿ. ಆ ವರ್ಷದ ಅಕ್ಟೋಬರ್ 30ರಂದು ಅಮೆರಿಕದ ‘ಮೆಟಾಲಿಕಾ’ ಎಂಬ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಚೇರಿ ನಡೆಸಿತು. ಅದಕ್ಕೆ ಎರಡು ದಿನ ಮೊದಲು ದೆಹಲಿಯ ಬಳಿಯ ಗುರಗಾಂವಿನಲ್ಲಿ ನಡೆಯಬೇಕಾಗಿದ್ದ ಕಚೇರಿ ರದ್ದಾಗಿದ್ದರಿಂದ, ಭಾರತದ ನೆಲದಲ್ಲಿ ಆ ತಂಡದ ಮೊದಲ ಧ್ವನಿ ಕೇಳಿದ ಪುಣ್ಯ ಬೆಂಗಳೂರಿನ ಪಾಲಿಗೆ ಬಂತು. ಆಗ ಮಗ ಮಂಡ್ಯದಲ್ಲಿ ವಿದ್ಯಾರ್ಥಿ. ಪರೀಕ್ಷೆಯ ಶುಲ್ಕವೆಂದು ಸುಳ್ಳು ಹೇಳಿ, ಬೆಲ್ಲ ಮಾರಿದ ಹಣದಲ್ಲಿ ಪಾಲು ಪಡೆದು, ಟಿಕೀಟು ಕೊಂಡು ಹೋಗಿಬಂದ. ಸುಳ್ಳು ಒಂದು ತಿಂಗಳೂ ಬಾಳಲಿಲ್ಲ. ತಂದೆ ಹೊಡೆಯಲಿಲ್ಲ, ಬೈಯಲಿಲ್ಲ. ‘ನಾಟಕಕ್ಕೆ ಅಂತ ಕೇಳಿದ್ರೆ ನಾನೇ ಕೊಡ್ತಿರಲಿಲ್ವೇನ್ಲಾ?’ ಎಂದಷ್ಟೇ ಹೇಳಿ ಎದ್ದುಹೋದ. ಬೈಗುಳಕ್ಕಿಂತ ಆ ಮಾತು ಮಗನಿಗೆ ಹೆಚ್ಚು ನಾಟಿತು. ಅಂದಿನಿಂದ ಆ ಮನೆಯಲ್ಲಿ ಆ ಸಂಗೀತ ಕಿವಿಯೊಳಗಿನ ಸಂಗೀತವಾಯಿತೇ ಹೊರತು ಜಗಲಿಯ ಸಂಗೀತವಾಗಲಿಲ್ಲ.

ಎರಡು ರಾತ್ರಿಗಳ ಮೇಳ

ಮಗನ ಆರಾಧನೆಗೆ ಪಾತ್ರವಾದದ್ದು ಆ ತಂಡದ ಒಂದೇ ಒಂದು ಆಲ್ಬಂ. ಅದರ ಹೆಸರು ‘ಎಸ್ ಅಂಡ್ ಎಂ’. ಸಿಂಫನಿ ಮತ್ತು ಮೆಟಾಲಿಕಾ ಎಂಬ ಎರಡು ಪದಗಳ ಮೊದಲ ಅಕ್ಷರಗಳು. 1999ರ ಏಪ್ರಿಲ್ 21 ಮತ್ತು 22ರ ರಾತ್ರಿಗಳಲ್ಲಿ, ಕ್ಯಾಲಿಫೋರ್ನಿಯದ ಬರ್ಕ್‌ಲಿ ನಗರದ ರಂಗಮಂದಿರವೊಂದರಲ್ಲಿ, ಸಭಿಕರ ಸಮ್ಮುಖದಲ್ಲಿ ಅದು ಮುದ್ರಿತವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಎರಡು ತಟ್ಟೆಗಳಾಗಿ ಹೊರಬಂತು. ವೇದಿಕೆಯ ಮುಂಭಾಗದಲ್ಲಿ ನಾಲ್ವರು: ವಿದ್ಯುತ್ ಗಿಟಾರಿನ ಇಬ್ಬರು, ಮಂದ್ರದ ಗಿಟಾರಿನವನೊಬ್ಬ, ಡ್ರಮ್ಮಿನವನೊಬ್ಬ. ಅವರ ಹಿಂದೆ ಸ್ಯಾನ್ ಫ್ರಾನ್ಸಿಸ್ಕೋ ಸಿಂಫನಿಯ ಸುಮಾರು ನೂರು ಮಂದಿ: ಪಿಟೀಲು, ಚೆಲ್ಲೋ, ಕೊಳಲು, ಕಹಳೆ, ನಗಾರಿಗಳನ್ನು ಹೋಲುವ ಟಿಂಪನಿ.

ಈ ಎರಡು ಪಾಳೆಯಗಳ ನಡುವೆ ನಿಂತ ನಿರ್ವಾಹಕ ಮೈಕೇಲ್ ಕೇಮನ್. ನ್ಯೂಯಾರ್ಕಿನ ಪ್ರಸಿದ್ಧ ಜ್ಯೂಲಿಯಾರ್ಡ್ ಶಾಲೆಯಲ್ಲಿ ಓಬೋ ಎಂಬ ಊದುವಾದ್ಯವನ್ನು ಅಭ್ಯಸಿಸಿದವನು. ತಾರುಣ್ಯದಲ್ಲಿಯೇ ಶಾಸ್ತ್ರೀಯ ವಾದ್ಯಗಳೊಡನೆ ರಾಕ್ ನುಡಿಸುವ ತಂಡ ಕಟ್ಟಿದವನು. ‘ಡೈ ಹಾರ್ಡ್’ ಮೊದಲಾದ ಚಲನಚಿತ್ರಗಳಿಗೆ ಹಿನ್ನೆಲೆ ಸಂಗೀತ ರಚಿಸಿದವನು. ತಂಡದ 1991ರ ಆಲ್ಬಂಗಾಗಿ ಒಂದು ಹಾಡಿಗೆ ಆತ ಮೊದಲೇ ವಾದ್ಯವೃಂದವನ್ನು ಹೊಂದಿಸಿದ್ದ. ಆ ಪರಿಚಯವೇ ಬೆಳೆದು ಎರಡು ರಾತ್ರಿಗಳ ಈ ಸಾಹಸವಾಯಿತು. ಕೇಮನ್ 2003ರಲ್ಲಿ ತೀರಿಕೊಂಡ.

ಸಾಹಸ ಹೊಸದೇನೂ ಆಗಿರಲಿಲ್ಲ. ಅದಕ್ಕೆ ಮೂವತ್ತು ವರ್ಷ ಮೊದಲು, 1969ರ ಸೆಪ್ಟೆಂಬರ್ 24ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ‘ಡೀಪ್ ಪರ್ಪಲ್’ ತಂಡ ರಾಯಲ್ ಫಿಲ್ಹಾರ್ಮೋನಿಕ್ ವಾದ್ಯವೃಂದದೊಡನೆ ಜಾನ್ ಲಾರ್ಡ್ ರಚಿಸಿದ ಕನ್ಸರ್ಟೋವನ್ನು ನುಡಿಸಿತ್ತು. 1996ರಲ್ಲಿ ಫಿನ್ಲೆಂಡಿನ ಪೂರ್ವದಂಚಿನ ಕಿಟೆ ಎಂಬ ಚಿಕ್ಕ ಊರಿನಲ್ಲಿ ಹುಟ್ಟಿದ ‘ನೈಟ್‌ವಿಶ್’ ತಂಡ, ಆಪೆರಾ ಶೈಲಿಯ ಸ್ತ್ರೀಕಂಠವನ್ನು ಲೋಹಸಂಗೀತದ ಮೇಲೆ ಕೂರಿಸಿ, ‘ಸಿಂಫನಿಕ್ ಮೆಟಲ್’ ಎಂಬ ಪ್ರಕಾರವನ್ನೇ ಜನಪ್ರಿಯಗೊಳಿಸಿತು. ಮದ್ದೂರಿಗಿಂತ ಚಿಕ್ಕದಾದ ಊರಿನಿಂದ ಅಂತಹ ತಂಡ ಹೊರಟಿತೆಂಬುದು ಮಗನಿಗೆ ಬಹಳ ಹೆಮ್ಮೆಯ ವಿಷಯ. ಕಿಟೆ ತನ್ನದೇ ನೆರೆಯ ಹೋಬಳಿಯೋ ಎಂಬಂತೆ ಆತ ಹೇಳಿಕೊಳ್ಳುತ್ತಾನೆ.

ತಂದೆಯ ಮೂರು ಆಕ್ಷೇಪಣೆ

ಈಚೆಗೆ ಒಂದು ಬೇಸಗೆಯ ಸಂಜೆ ಹಳೆಯ ವ್ಯಾಜ್ಯ ಮತ್ತೆ ವಿಚಾರಣೆಗೆ ಬಂತು. ಮಗ ಮನೆಯಲ್ಲಿ ಯಾರೂ ಇಲ್ಲವೆಂದು ತಿಳಿದು ಜಗಲಿಯ ಮೇಲೆ ಸ್ಪೀಕರ್ ಇರಿಸಿ ಆಲ್ಬಂ ಹಚ್ಚಿದ್ದ. ತಂದೆ ಗದ್ದೆಯಿಂದ ಬಂದವನು ಬಾಗಿಲಲ್ಲಿಯೇ ನಿಂತು, ‘ಏನ್ಲಾ ಮಗ ಇದು, ಗಾಣಕ್ಕೆ ಕಲ್ಲು ಸಿಕ್ಕಂಗೆ!’ ಎಂದ. ಮಗ ಆರಿಸಲು ಕೈ ಚಾಚಿದ. ಅದೇಕೋ ತಂದೆ ಅಂದು, ‘ಇರ್ಲಿ ಬುಡು. ಏನೈತೆ ಇದ್ರಲ್ಲಿ, ಹೇಳು ನೋಡಾನ’ ಎಂದು ಜಗಲಿಯ ಕಂಬಕ್ಕೆ ಒರಗಿ ಕುಳಿತ.

ತಂದೆಯ ಆಕ್ಷೇಪಣೆ ಮೂರು. ಇದು ಗದ್ದಲ ಎಂಬುದು ಮೊದಲನೆಯದು. ಅರ್ಥವಿಲ್ಲದ ಅರಚಾಟ ಎಂಬುದು ಎರಡನೆಯದು. ಈ ಮಣ್ಣಿಗೆ ಸಂಬಂಧಪಡದ್ದು ಎಂಬುದು ಮೂರನೆಯದು.

ಗದ್ದಲದ ಮಾತಿಗೆ ಮಗ ಆಲ್ಬಂನ ಆರಂಭವನ್ನೇ ಸಾಕ್ಷಿಗೆ ಕರೆದ. ಮೊದಲು ಕೇಳಿಬರುವುದು ಮೆಟಾಲಿಕಾದ ಹಾಡೇ ಅಲ್ಲ. ಇಟಲಿಯ ಎನ್ನಿಯೊ ಮೊರಿಕೋನೆ 1966ರ ಒಂದು ಚಲನಚಿತ್ರಕ್ಕೆ ರಚಿಸಿದ ರಾಗ. ಚಿನ್ನ ಹುಡುಕುವವನೊಬ್ಬ ಸ್ಮಶಾನದಲ್ಲಿ ಓಡುವ ದೃಶ್ಯಕ್ಕೆಂದು ಹೆಣೆದದ್ದು. 1983ರಿಂದ ಆ ತಂಡ ಪ್ರತಿ ಕಚೇರಿಗೂ ಮುನ್ನ ಅದರ ಮುದ್ರಿಕೆಯನ್ನು ನಾಂದಿಯಂತೆ ಕೇಳಿಸುತ್ತ ಬಂದಿತ್ತು; ಇಲ್ಲಿ ಅದನ್ನು ವಾದ್ಯವೃಂದವೇ ಎದುರಿಗೆ ನುಡಿಸಿತು. ಅದು ಮುಗಿಯುತ್ತಿದ್ದಂತೆ ಒಂಟಿ ಗಿಟಾರು ನಿಧಾನವಾಗಿ, ತಂಬೂರಿಯ ತಂತಿಗಳನ್ನು ಒಂದೊಂದಾಗಿ ಮೀಟಿದಂತೆ, ಸ್ವರಗಳನ್ನು ಬಿಡಿಸುತ್ತದೆ. ಇದು ‘ದಿ ಕಾಲ್ ಆಫ್ ಕ್ತುಲು’. ಮಾತಿಲ್ಲದ ರಚನೆ. ಲವ್‌ಕ್ರಾಫ್ಟ್ ಎಂಬ ಅಮೆರಿಕದ ಕಥೆಗಾರ ಕಲ್ಪಿಸಿದ, ಸಮುದ್ರದ ತಳದಲ್ಲಿ ಮಲಗಿರುವ ದೈತ್ಯನ ಹೆಸರು ಇದಕ್ಕಿದೆ. ಮೊದಲು ಗಿಟಾರು, ಅದರ ಹಿಂದೆ ಪಿಟೀಲುಗಳ ಮರ್ಮರ, ಆ ಬಳಿಕ ಕಹಳೆಗಳು; ಅಲೆಯ ಮೇಲೆ ಅಲೆ ಬಂದು, ಕೊನೆಗೆ ದೈತ್ಯ ಎದ್ದೇ ಬಿಟ್ಟನೆಂಬಂತೆ ಇಡೀ ಮೇಳ ಮೊರೆಯುತ್ತದೆ. ಅಮೆರಿಕದ ಗ್ರ್ಯಾಮಿ ಪ್ರಶಸ್ತಿ 2001ರಲ್ಲಿ ಈ ಮಾತಿಲ್ಲದ ತುಣುಕಿಗೇ ಸಂದಿತು.

ಗದ್ದಲಕ್ಕೂ ಮೇಳಕ್ಕೂ ಭೇದವೇನು? ಕರ್ನಾಟಕ ಸಂಗೀತದಲ್ಲಿ ರಾಗ ಒಂದೇ ಎಳೆಯಾಗಿ ಹರಿಯುತ್ತದೆ. ಹಾಡುವವನನ್ನು ಪಿಟೀಲು ನೆರಳಿನಂತೆ ಅನುಸರಿಸುತ್ತದೆ. ಪಾಶ್ಚಾತ್ಯ ವಾದ್ಯವೃಂದದಲ್ಲಿ ಹಲವು ಎಳೆಗಳು ಏಕಕಾಲದಲ್ಲಿ, ಒಂದರೊಡನೊಂದು ಒಪ್ಪಿಯೂ ವಾದಿಸಿಯೂ ನಡೆಯುತ್ತವೆ. ಒಂದೇ ಎಳೆಯನ್ನು ಹಿಡಿಯಲು ಪಳಗಿದ ಕಿವಿಗೆ ಹತ್ತು ಎಳೆಗಳು ಮೊದಮೊದಲು ಗದ್ದಲವೆಂದೇ ತೋರುವುದು ಸಹಜ. ಕುರುಕ್ಷೇತ್ರದ ರಂಗದ ಮೇಲೆ ಭೀಮ ದುರ್ಯೋಧನರು ಒಟ್ಟಿಗೆ ಸವಾಲು ಹಾಕುವಾಗ, ಹೊರಗಿನವನಿಗೆ ಇಬ್ಬರ ಕಿರುಚಾಟ ಕೇಳಿಸುತ್ತದೆ. ಬಲ್ಲವನಿಗೆ ಇಬ್ಬರ ಪದ್ಯವೂ ಕೇಳಿಸುತ್ತದೆ. ಈ ಹೋಲಿಕೆಯನ್ನು ಮಗ ಕೊಟ್ಟಾಗ ತಂದೆ ಮೀಸೆಯಡಿ ನಕ್ಕದ್ದುಂಟು.

ಮಗ ಎಲ್ಲವನ್ನೂ ಕಣ್ಮುಚ್ಚಿ ಹೊಗಳುವವನಲ್ಲ. ಇಪ್ಪತ್ತೊಂದು ತುಣುಕುಗಳ ಈ ಆಲ್ಬಂನಲ್ಲಿ ಕೆಲವೆಡೆ ಎರಡು ಪಾಳೆಯಗಳೂ ಒಂದನ್ನೊಂದು ಕೇಳಿಸಿಕೊಳ್ಳುವುದಿಲ್ಲವೆಂದು ಆತನೇ ಒಪ್ಪುತ್ತಾನೆ. ‘ಫ್ಯುಯೆಲ್’ ಎಂಬ ವೇಗದ ಹಾಡಿನಲ್ಲಿ ಗಿಟಾರುಗಳ ಆರ್ಭಟದಡಿ ಪಿಟೀಲುಗಳು, ಜಾತ್ರೆಯಲ್ಲಿ ಕೈತಪ್ಪಿದ ಮಕ್ಕಳಂತೆ, ಎಲ್ಲಿ ಹೋದವೆಂದೇ ತಿಳಿಯದು. ಆದರೆ ಈ ಕಚೇರಿಗೆಂದೇ ಹೊಸದಾಗಿ ರಚಿಸಿದ ‘ನೋ ಲೀಫ್ ಕ್ಲೋವರ್’ ಹಾಡಿನಲ್ಲಿ ವಾದ್ಯವೃಂದ ಅಲಂಕಾರವಾಗಿ ಉಳಿಯದೆ ಹಾಡಿನ ಅಸ್ಥಿಯೇ ಆಗಿದೆ. ಆಸೆ ಕೈಗೂಡಿತೆನ್ನುವಷ್ಟರಲ್ಲಿ ಕೈಕೊಡುವ ವಿಧಿಯ ಹಾಡು ಅದು. ಪಿಟೀಲುಗಳು ಆಸೆಯನ್ನು ಎತ್ತುತ್ತವೆ. ಗಿಟಾರುಗಳು ಅದನ್ನು ನೆಲಕ್ಕೆ ಅಪ್ಪಳಿಸುತ್ತವೆ. ಕಬ್ಬಿನ ಬೆಲೆಯನ್ನು ನಂಬಿ ಬದುಕುವ ಸೀಮೆಯವರಿಗೆ ಆ ಭಾವವನ್ನು ಬಿಡಿಸಿ ಹೇಳಬೇಕಾದ್ದಿಲ್ಲ.

ಊರುಭಂಗ

ಎರಡನೆಯ ಆಕ್ಷೇಪಣೆ ಅರ್ಥದ್ದು. ಈ ಹಾಡುಗಳಲ್ಲಿ ಪ್ರೇಮಸಲ್ಲಾಪ ವಿರಳ. ಯುದ್ಧ, ಮರಣ, ದಾಸ್ಯ, ಹುಚ್ಚು—ಇವೇ ವಸ್ತು. ‘ಮಾಸ್ಟರ್ ಆಫ್ ಪಪೆಟ್ಸ್’ ಮಾದಕದ್ರವ್ಯಕ್ಕೆ ಆಳಾದವನ ಕಥೆ. ಸೂತ್ರದ ಗೊಂಬೆಯಾಗುವವನು ಮನುಷ್ಯ, ಸೂತ್ರಧಾರನಾಗುವುದು ವಿಷ. ‘ಫಾರ್ ಹೂಮ್ ದ ಬೆಲ್ ಟೋಲ್ಸ್’ ಸ್ಪೇನಿನ ಅಂತರ್ಯುದ್ಧವನ್ನು ಕುರಿತ ಹೆಮಿಂಗ್‌ವೇಯ 1940ರ ಕಾದಂಬರಿಯಿಂದ ಹುಟ್ಟಿದ್ದು.

ಎಲ್ಲಕ್ಕಿಂತ ಭಯಂಕರವಾದದ್ದು ‘ಒನ್’. ಡಾಲ್ಟನ್ ಟ್ರಂಬೊ 1939ರಲ್ಲಿ ಪ್ರಕಟಿಸಿದ ಕಾದಂಬರಿಯೊಂದು ಅದಕ್ಕೆ ಮೂಲ. ಮೊದಲ ಮಹಾಯುದ್ಧದಲ್ಲಿ ಸಿಡಿದ ಗುಂಡಿನಿಂದ ಕೈ, ಕಾಲು, ಕಣ್ಣು, ಕಿವಿ, ನಾಲಗೆಗಳನ್ನೆಲ್ಲ ಕಳೆದುಕೊಂಡ ತರುಣನೊಬ್ಬ ಆಸ್ಪತ್ರೆಯ ಹಾಸಿಗೆಯಲ್ಲಿ ಬರಿಯ ಪ್ರಜ್ಞೆಯಾಗಿ ಉಳಿದಿದ್ದಾನೆ. ಆತ ಹೊರಗಿನವರೊಡನೆ ಮಾತನಾಡಲು ಕಂಡುಕೊಳ್ಳುವ ದಾರಿ ಒಂದೇ: ತಲೆಯನ್ನು ದಿಂಬಿಗೆ ಬಡಿಯುತ್ತ ತಂತಿಯ ಸಂಕೇತಾಕ್ಷರಗಳಲ್ಲಿ ಸಂದೇಶ ಕಳಿಸುವುದು. ಹಾಡು ಮೆಲ್ಲಗೆ, ನಿದ್ರೆಯಿಂದ ಏಳುವವನಂತೆ, ಆರಂಭವಾಗುತ್ತದೆ. ನಡುವೆ ಡ್ರಮ್ಮು ಇದ್ದಕ್ಕಿದ್ದಂತೆ ಯಂತ್ರಕೋವಿಯ ಲಯಕ್ಕೆ ತಿರುಗುತ್ತದೆ. ಅದರ ಮೇಲೆ ನೂರು ವಾದ್ಯಗಳು ಎರಗುತ್ತವೆ. ಹಾಡುಗಾರ ಅರಚುತ್ತಾನೆ, ನಿಜ. ನಾಲಗೆಯೇ ಇಲ್ಲದವನ ಪರವಾಗಿ ಹಾಡುವವನು ಇನ್ನು ಹೇಗೆ ಹಾಡಿಯಾನು?

ಈ ಕಥೆಯನ್ನು ಮಗ ಹೇಳಿ ಮುಗಿಸಿದಾಗ ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ದುರ್ಯೋಧನನ ಪಾತ್ರಧಾರಿಗೆ ಊರುಭಂಗವೆಂದರೆ ಏನೆಂದು ಗೊತ್ತು. ತೊಡೆ ಮುರಿದು ಬಿದ್ದ ಬಳಿಕವೂ ಪ್ರಜ್ಞೆ ಹೋಗದ ವೀರನ ಕೊನೆಯ ಗಳಿಗೆಯನ್ನು ಆತ ನೂರಾರು ಜನರ ಮುಂದೆ ಹಾಡಿದ್ದಾನೆ. ಆ ಹಾಡಿಗೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಕಂಡಿದ್ದಾನೆ. ‘ಇನ್ನೊಂದ್ಸಲ ಹಾಕು’ ಎಂದ. ಅದು ಆ ಮನೆಯಲ್ಲಿ ಮೆಟಾಲಿಕಾಕ್ಕೆ ಸಿಕ್ಕ ಮೊದಲ ‘ಒನ್ಸ್‌ಮೋರ್’.

ಎರಡನೆಯ ಸಲ ಕೇಳಿದ ಮೇಲೆ ಮಗ ಮೆದುವಾದದ್ದೊಂದನ್ನು ಹಾಕಿದ: ‘ನಥಿಂಗ್ ಎಲ್ಸ್ ಮ್ಯಾಟರ್ಸ್’. ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್ ಒಂದು ಕೈಯಲ್ಲಿ ದೂರವಾಣಿ ಹಿಡಿದು ಪ್ರೇಯಸಿಯೊಡನೆ ಮಾತನಾಡುತ್ತಿದ್ದಾಗ, ಇನ್ನೊಂದು ಕೈ ತಾನಾಗಿಯೇ ಗಿಟಾರಿನ ತೆರೆದ ತಂತಿಗಳನ್ನು ಮೀಟಿತಂತೆ. ಹಾಡಿನ ಆರಂಭ ಆಗ ಹುಟ್ಟಿತು. ದೂರದ ಊರಿಗೆ ದುಡಿಯಲು ಹೋಗಿ ಮನೆಯನ್ನು ನೆನೆಯುವವನ ಹಾಡು. ಇದಕ್ಕೆ ತಂದೆಯ ತಕರಾರೇನೂ ಇರಲಿಲ್ಲ. ‘ಇದು ಪರ್ವಾಗಿಲ್ಲ, ಶ್ರುತೀಲೈತೆ’ ಎಂಬ ತೀರ್ಪು ಬಂತು.

ಶಿಂಷೆ, ಕಾವೇರಿ ಮತ್ತು ವಿದ್ಯುತ್ತು

ಮೂರನೆಯ ಆಕ್ಷೇಪಣೆ ಎಲ್ಲರೂ ಎತ್ತುವಂಥದು: ಪರದೇಶದ ಗಿಟಾರಿಗೂ ಕಾವೇರಿಯ ಬಯಲಿಗೂ ಏನು ಸಂಬಂಧ?

ವಿದ್ಯುತ್ ಗಿಟಾರು ಕೆಲಸ ಮಾಡುವ ಬಗೆಯನ್ನು ತಿಳಿದರೆ ಈ ಪ್ರಶ್ನೆಯ ಮೊನೆ ಅರ್ಧ ಮೊಂಡಾಗುತ್ತದೆ. ಅದರ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತ, ಅದರ ಸುತ್ತ ತಾಮ್ರದ ತಂತಿಯ ಸುರುಳಿ. ತಂತಿ ಕಂಪಿಸಿದಾಗ ಅಯಸ್ಕಾಂತದ ಕ್ಷೇತ್ರ ಕದಡಿ ಸುರುಳಿಯಲ್ಲಿ ಅಲ್ಪಪ್ರಮಾಣದ ವಿದ್ಯುತ್ತು ಹುಟ್ಟುತ್ತದೆ. ಅದನ್ನೇ ಹಿಗ್ಗಿಸಿ ನಾದವಾಗಿ ಹೊರಡಿಸುತ್ತಾರೆ. ಇದೇ ತತ್ತ್ವ, ಬೃಹತ್ ಪ್ರಮಾಣದಲ್ಲಿ, ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಿಂದ ಕೆಲಸ ಮಾಡುತ್ತ ಬಂದಿದೆ. ಅಲ್ಲಿ ಕಾವೇರಿಯ ನೀರು ಯಂತ್ರವನ್ನು ತಿರುಗಿಸಿತು, ಅಯಸ್ಕಾಂತ ಮತ್ತು ಸುರುಳಿಗಳ ನಡುವೆ ವಿದ್ಯುತ್ತು ಹುಟ್ಟಿತು. ಅದು ಸುಮಾರು 92 ಮೈಲಿ ಓಡಿ ಕೋಲಾರದ ಚಿನ್ನದ ಗಣಿಯನ್ನು ತಲುಪಿತು. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು ಮೂರು ವರ್ಷಗಳ ಅನಂತರ. ಸ್ವತಃ ಮಂಡ್ಯದ ಬಯಲು ನಾಲೆಯ ನೀರಿನಿಂದ ಹಸಿರಾದದ್ದು, 1933ರಲ್ಲಿ ಸಕ್ಕರೆಯ ಕಂಪೆನಿ ಹುಟ್ಟಿದ್ದು, ಎಲ್ಲವೂ ಹೊರಗಿನ ವಿದ್ಯೆಯನ್ನು ಒಳಗಿನ ನೀರಿನಿಂದ ಪಳಗಿಸಿದ ಕಥೆಯೇ.

ವಾದ್ಯವೃಂದದ ವಿಷಯದಲ್ಲಿಯೂ ಹೀಗೆಯೇ. ಮೈಸೂರಿನ ಕೊನೆಯ ಅರಸರಾದ ಜಯಚಾಮರಾಜ ಒಡೆಯರು ತಾರುಣ್ಯದಲ್ಲಿ ಪಿಯಾನೋ ವಾದಕರಾಗಬೇಕೆಂದು ಹಂಬಲಿಸಿದ್ದವರು. 1940ರಲ್ಲಿ ಪಟ್ಟ ಅವರನ್ನು ಹುಡುಕಿಕೊಂಡು ಬಂದುದರಿಂದ ಆ ಹಂಬಲ ಅಲ್ಲಿಗೇ ನಿಂತಿತು. ಆದರೆ ಕೇಳುಗನ ಪ್ರೀತಿ ನಿಲ್ಲಲಿಲ್ಲ. ನಿಕೊಲಾಯ್ ಮೆಡ್ಟ್ನರ್ ಎಂಬ ರಷ್ಯದ ವಾಗ್ಗೇಯಕಾರ ಲಂಡನ್ನಿನಲ್ಲಿ ವೃದ್ಧನಾಗಿ, ಬಡವನಾಗಿ, ಲೋಕಕ್ಕೆ ಮರೆತವನಾಗಿ ಬದುಕುತ್ತಿದ್ದ. ಆತನನ್ನು ಕಣ್ಣಾರೆ ಕಂಡವರಲ್ಲ, ಆತನ ಸಂಗೀತಕ್ಕೆ ಮನಸೋತವರು ಮೈಸೂರಿನ ಅರಸರು. ಅವರ ದ್ರವ್ಯಸಹಾಯದಿಂದ ಲಂಡನ್ನಿನಲ್ಲಿ ಮೆಡ್ಟ್ನರ್ ಸಂಘ ಹುಟ್ಟಿತು. ವೃದ್ಧ ವಾಗ್ಗೇಯಕಾರನೇ ಪಿಯಾನೋ ನುಡಿಸಿ, ಫಿಲ್ಹಾರ್ಮೋನಿಯಾ ವಾದ್ಯವೃಂದ ಜತೆಗೂಡಿ, 1947ರಿಂದ ಆತನ ಕೃತಿಗಳು ಗ್ರಾಮಫೋನ್ ತಟ್ಟೆಗಳಾದವು. ಆಗಿನ ಕಾಲಕ್ಕೆ ಒಂದು ದೊಡ್ಡ ಕೃತಿ ಒಂದೇ ತಟ್ಟೆಯಲ್ಲಿ ಹಿಡಿಯುತ್ತಿರಲಿಲ್ಲ. ಹಲವು ತಟ್ಟೆಗಳನ್ನು ಚಿತ್ರಪುಸ್ತಕದಂತೆ ಹೊಲಿದ ಚೀಲಗಳಲ್ಲಿರಿಸಿ ಮಾರುತ್ತಿದ್ದರು. ‘ಆಲ್ಬಂ’ ಎಂಬ ಹೆಸರು ಸಂಗೀತಕ್ಕೆ ಬಂದದ್ದು ಹಾಗೆ. ಮೆಡ್ಟ್ನರ್ ತನ್ನ ಮೂರನೆಯ ಪಿಯಾನೋ ಕನ್ಸರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿ, 1951ರಲ್ಲಿ ಕಣ್ಮುಚ್ಚಿದ.

1950ರ ಮೇ 22ರಂದು ಜರ್ಮನಿಯ ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಗೀತೆಗಳು ಲಂಡನ್ನಿನಲ್ಲಿ ಮೊದಲ ಬಾರಿ ಹಾಡಲ್ಪಟ್ಟಾಗ, ಅದರ ಖರ್ಚಿಗೆ ಹೊಣೆ ನಿಂತವರೂ ಇದೇ ಅರಸರು. ಅವರು ಸಭೆಯಲ್ಲಿರಲಿಲ್ಲ, ಅವರು ಕೇಳಲೆಂದು ಕಚೇರಿಯನ್ನು ಮುದ್ರಿಸಿಕೊಳ್ಳಲಾಯಿತು. ಇಂತಹ ಅಭಿಮಾನಿಯೇ ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕರ್ನಾಟಕ ಕೃತಿಗಳನ್ನೂ ರಚಿಸಿದರು. ದೂರದ ನಾದಕ್ಕೆ ಕಿವಿಗೊಟ್ಟದ್ದರಿಂದ ಮನೆಯ ರಾಗ ಬಡವಾಗಲಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಅರಸರು ಕಡಲಾಚೆಯಿಂದ ತಟ್ಟೆಗಳನ್ನು ತರಿಸಿದರು. ಆಲೆಮನೆಯ ಮಗ ಬೆಲ್ಲದ ಹಣದಲ್ಲಿ ಟಿಕೀಟು ಕೊಂಡ. ಅದೂ ಆ ಅರಸುಮನೆತನದ ಅರಮನೆಯ ಮೈದಾನದಲ್ಲಿಯೇ ನಡೆದ ಕಚೇರಿಗೆ. ಸುಳ್ಳು ಹೇಳಿದ್ದೊಂದು ತಪ್ಪು. ಪ್ರೀತಿ ಎರಡೂ ಕಡೆ ಒಂದೇ.

ಇನ್ನು ‘ಲೋಹ’ದ ಮಾತು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಮಠವಿದೆ. ತಂಬೂರಿ, ಡಕ್ಕೆ, ಗಗ್ಗರಗಳನ್ನು ಹಿಡಿದ ನೀಲಗಾರರು ಆ ಮಹಾಕಾವ್ಯವನ್ನು ರಾತ್ರಿಯೆಲ್ಲ ಹಾಡುತ್ತಾರೆ. ಅದರಲ್ಲಿ ಸಿದ್ಧಪ್ಪಾಜಿ ಗುರುವಿನ ಅಪ್ಪಣೆಯಂತೆ ಅದೇ ತಾಲ್ಲೂಕಿನ ಹಲಗೂರಿಗೆ ಹೋಗುತ್ತಾನೆ. ಅಲ್ಲಿನ ಪಾಂಚಾಳರ ಮುಂದೆ ನಿಂತು ಅನ್ನವನ್ನಲ್ಲ, ಚಿನ್ನವನ್ನಲ್ಲ, ಕಬ್ಬಿಣವನ್ನು ಭಿಕ್ಷೆ ಬೇಡುತ್ತಾನೆ. ಅವರು ಒಡ್ಡುವ ಕಠೋರ ಪರೀಕ್ಷೆಗಳನ್ನೆಲ್ಲ ಗೆದ್ದು ಕಬ್ಬಿಣ ತರುತ್ತಾನೆ. ಲೋಹದ ಭಿಕ್ಷೆಯನ್ನೇ ಕಾವ್ಯ ಮಾಡಿ ಹಾಡಿದ ಸೀಮೆಗೆ ಲೋಹಸಂಗೀತ ಹೇಗೆ ಪರಕೀಯವಾದೀತು? ಕೊಂಡದ ಮುಂದೆ ಮೊಳಗುವ ತಮಟೆಯ ಬಿರುಸು, ಪೂಜಾಕುಣಿತದ ಆವೇಶ, ಸೋಮನ ಕುಣಿತದ ರೌದ್ರಮುಖ—ಇವುಗಳಲ್ಲಿ ಬೆಳೆದವನಿಗೆ ಆರ್ಭಟವೂ ಭಕ್ತಿಯ ಒಂದು ಭಾಷೆಯೇ.

ಬೆರಳು ಹೋದವನು

ಕತ್ತಲಾಗಿತ್ತು. ‘ಸರಿ, ಈ ಕಬ್ಬಿಣದ ಹಾಡನ್ನ ಮೊದ್ಲು ಕಟ್ಟಿದವನ್ಯಾರು?’ ಎಂದು ತಂದೆ ಕೇಳಿದ.

ಮಗ ಹೇಳಿದ ಕಥೆ ಇದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಕಾರ್ಖಾನೆಗಳ ಊರು. ಅಲ್ಲಿ ಟೋನಿ ಅಯೋಮಿ ಎಂಬ ಹದಿನೇಳರ ಹುಡುಗ ಲೋಹದ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. 1965ರಲ್ಲಿ, ಕೆಲಸ ಬಿಡಬೇಕಾಗಿದ್ದ ಕೊನೆಯ ದಿನದಂದೇ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಎಡಗೈ ಬಳಕೆಯ ವಾದಕನಾದುದರಿಂದ ತಂತಿಯನ್ನು ಒತ್ತಬೇಕಾದ ಬೆರಳುಗಳು ಅವೇ ಆಗಿದ್ದವು. ಇನ್ನು ಗಿಟಾರು ಮುಗಿಯಿತೆಂದುಕೊಂಡ. ಆಗ ಕಾರ್ಖಾನೆಯ ಮೇಲ್ವಿಚಾರಕನೊಬ್ಬ ಆತನಿಗೆ ಒಂದು ತಟ್ಟೆ ಕೇಳಿಸಿದ. ನುಡಿಸಿದವನು ಜ್ಯಾಂಗೋ ರೈನ್‌ಹಾರ್ಟ್. ಬೆಂಕಿಯ ಅನಾಹುತದಲ್ಲಿ ಎಡಗೈಯ ಎರಡು ಬೆರಳುಗಳ ಶಕ್ತಿ ಕಳೆದುಕೊಂಡೂ ಯೂರೋಪಿನ ಶ್ರೇಷ್ಠ ಗಿಟಾರುಗಾರನಾದವನು. ಅಯೋಮಿ ಪ್ಲಾಸ್ಟಿಕ್ ಸೀಸೆಯೊಂದನ್ನು ಕರಗಿಸಿ, ಬೆರಳಿಗೆ ಟೋಪಿ ಮಾಡಿ, ಅದರ ಮೇಲೆ ಚರ್ಮ ಅಂಟಿಸಿಕೊಂಡ. ತೆಳುವಾದ ತಂತಿ ಹಾಕಿದ; ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೇ ತಗ್ಗಿಸಿದ. 1970ರಲ್ಲಿ ಆತನ ‘ಬ್ಲ್ಯಾಕ್ ಸ್ಯಾಬತ್’ ತಂಡದ ಮೊದಲ ಆಲ್ಬಂ ಹೊರಟಿತು. ಹೆವಿ ಮೆಟಲ್ಲಿನ ಗಂಗೋತ್ರಿ ಅದೇ ಎಂದು ಬಲ್ಲವರೆಲ್ಲ ಒಪ್ಪುತ್ತಾರೆ.

ತಂದೆ ಎದ್ದು ಒಳಗೆ ಹೋದ. ಅಟ್ಟದ ಮೇಲೆ ಏನನ್ನೋ ಸರಿಸುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿನಲ್ಲಿ ಗೋಣಿತಾಟು ಸುತ್ತಿದ ಪೆಟ್ಟಿಗೆಯೊಂದನ್ನು ತಂದು ಜಗಲಿಯ ಮೇಲಿರಿಸಿದ. ಹಾರ್ಮೋನಿಯಂ. ಮಗ ಅದನ್ನು ಮನೆಯಲ್ಲಿ ಕಂಡದ್ದೇ ಇಲ್ಲ.

ಅದು ತಂದೆಯ ಅಣ್ಣನದು. ಸುತ್ತ ಹತ್ತು ಹಳ್ಳಿಗೆ ಪೇಟಿ ಮೇಷ್ಟ್ರು ಎನಿಸಿಕೊಂಡಿದ್ದ ದೊಡ್ಡಪ್ಪನನ್ನು ಮಗ ಬಲ್ಲದ್ದು ಮೂಲೆಯಲ್ಲಿ ಕುಳಿತು ಬೀಡಿ ಸೇದುವ ಮೌನಿಯಾಗಿ ಮಾತ್ರ. ಒಂದು ವರ್ಷ ಸುಗ್ಗಿಯಲ್ಲಿ ಆಳು ಸಿಕ್ಕದೆ ಅಣ್ಣನೇ ಗಾಣಕ್ಕೆ ಕಬ್ಬು ಕೊಡಲು ನಿಂತಿದ್ದ. ಯಂತ್ರದ ಬಳಿ ಇದ್ದವನು ತಮ್ಮ. ಕೂಗು ಕೇಳಿ ಯಂತ್ರ ನಿಲ್ಲಿಸುವಷ್ಟರಲ್ಲಿ ಎರಡು ಬೆರಳು ಹೋಗಿದ್ದವು. ಅನಂತರ ಅಣ್ಣ ಪೇಟಿ ಮುಟ್ಟಲಿಲ್ಲ; ತಮ್ಮನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿಲ್ಲವೆಂಬುದೇ ತಮ್ಮನಿಗೆ ಇಷ್ಟು ವರ್ಷ ಭಾರವಾಗಿತ್ತು. ಕಬ್ಬಿಣದ ಸದ್ದನ್ನು ಸಂಗೀತವೆಂದು ಮಗ ಕರೆದಾಗಲೆಲ್ಲ ಆತನಿಗೆ ಕೇಳಿಸುತ್ತಿದ್ದುದು ಬೇರೆಯೇ ಒಂದು ಕೂಗು.

‘ಅವನಿಗೆ ಯಾರೋ ತಟ್ಟೆ ಕೇಳಿಸಿದ್ರು’ ಎಂದ ತಂದೆ. ‘ನಮ್ಮಣ್ಣಂಗೆ ಯಾರೂ ಕೇಳಿಸ್ಲಿಲ್ಲ.’

ಮಗನ ಬಳಿ ಇದಕ್ಕೆ ಉತ್ತರವಿರಲಿಲ್ಲ. ತಡೆದು, ಆಲ್ಬಂನ ಇನ್ನೊಂದು ಕಥೆ ಹೇಳಿದ. ಮೆಟಾಲಿಕಾದಲ್ಲಿ ಮೊದಲು ಕ್ಲಿಫ್ ಬರ್ಟನ್ ಎಂಬ ಮಂದ್ರಗಿಟಾರುಗಾರನಿದ್ದ. ಬಾಖನ ಸಂಗೀತವನ್ನು ಬಹಳವಾಗಿ ಮೆಚ್ಚಿದವನು. 1986ರ ಸೆಪ್ಟೆಂಬರಿನಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಸ್ವೀಡನ್ನಿನಲ್ಲಿ ಬಸ್ಸು ಮಗುಚಿ ಸತ್ತ. 2019ರಲ್ಲಿ ತಂಡ ಅದೇ ಸಿಂಫನಿಯೊಡನೆ ಎರಡನೆಯ ಸಲ ಕಚೇರಿ ನಡೆಸಿತು. ಕಾರ್ಖಾನೆಯ ಸದ್ದನ್ನೇ ವಾದ್ಯವೃಂದಕ್ಕೆ ಇಳಿಸಿದ ರಷ್ಯದ ಮೊಸೊಲೊವನ ‘ಕಬ್ಬಿಣದ ಎರಕಶಾಲೆ’ ಎಂಬ ರಚನೆಯೂ ಅಂದು ನುಡಿಯಿತು. ಅನಂತರ ವೇದಿಕೆಯ ಮೇಲೆ ಸಿಂಫನಿಯ ಮುಖ್ಯ ಬೇಸ್ ವಾದಕ ಒಬ್ಬನೇ ನಿಂತು, ಬರ್ಟನ್ನನ ಒಂಟಿವಾದನವನ್ನು ತನ್ನ ವಾದ್ಯದಲ್ಲಿ ನುಡಿಸಿದ. ಸತ್ತವನ ಪಾಲಿನ ನುಡಿಯನ್ನು ಮೂವತ್ತಮೂರು ವರ್ಷದ ಮೇಲೆ ಇನ್ನೊಬ್ಬ ನುಡಿಸಿದ.

ತಂದೆ ಅಂಗವಸ್ತ್ರದಿಂದ ಪೆಟ್ಟಿಗೆಯ ಧೂಳೊರೆಸಿ ತಿದಿಯನ್ನು ಮೆಲ್ಲಗೆ ಒತ್ತಿ ನೋಡಿದ. ಗಾಳಿ ಸೋರಿತು, ಸ್ವರ ಹೊರಡಲಿಲ್ಲ. ಇಲಿ ಕಡಿದಿರಬೇಕು.

‘ಮಂಡ್ಯದಲ್ಲಿ ರಿಪೇರಿ ಮಾಡೋರವ್ರೆ’ ಎಂದ ಮಗ. ‘ನಾಳೆ ರಜ. ನಾನೇ ತಗೊಂಡು ಹೋಗ್ತೀನಪ್ಪ.’

‘ಹೋಗು. ಎಷ್ಟಾಯ್ತದೋ ಹೇಳು, ಕೊಡ್ತೀನಿ’ ಎಂದು ತಂದೆ ಮತ್ತೆ ಕಂಬಕ್ಕೆ ಒರಗಿದ. ಒಂದು ಗಳಿಗೆ ಸುಮ್ಮನಿದ್ದು, ‘ಈಗ ಆ ಬೆರಳಿಲ್ದೋನದೊಂದು ಹಾಕು ಮಗ, ಕೇಳಾನ’ ಎಂದ.

ಅಂದು ಆಲೆಮನೆಗೆ ಬಿಡುವು. ಗಾಣ ನಿಂತಿದ್ದುದರಿಂದ, ಸಡಿಲಿಸಿದ ತಂತಿಯ ಆ ಮಂದ್ರದ ನಾದ ಗದ್ದೆಯ ಬಯಲಿನವರೆಗೂ ಸ್ಪಷ್ಟವಾಗಿ ಕೇಳಿಸಿತು.